ಕಾಯಿ ಎದ್ದರೆ ಎಣ್ಣೆ

ನಮ್ಮ ಭಾವನಿಗೆ ಭೂಮಿಯ ಮೇಲಿರುವ ಯಾವುದರಲ್ಲೂ ಆಸಕ್ತಿಯಿರಲಿಲ್ಲ. ಅವರಿಗೆ ಬೇಕಾದದ್ದೆಲ್ಲ ಸಾವಿರಾರು ಅಡಿ ಕೆಳಗಿತ್ತು!

ಎಂಬತ್ತರ ದಶಕದ ಮಾತು. ಭಾವ ಎಂದರೆ ನನ್ನ ಅಕ್ಕನ ಗಂಡ. ಅಮೆರಿಕದ ಸ್ಯಾನ್ ರಮೋನಿನಲ್ಲಿ ಮನೆ, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ವಾರವೆಲ್ಲ ಊರವರ ಪ್ರಜ್ಞೆ ತಪ್ಪಿಸಿ, ಭಾನುವಾರ ತಾವೇ ಪ್ರಜ್ಞೆ ತಪ್ಪುತ್ತಿದ್ದರು. ಟೆಕ್ಸಾಸಿನಲ್ಲೋ ಒಕ್ಲಹೋಮದಲ್ಲೋ ಇಬ್ಬರು ಮನುಷ್ಯರು, ಒಂದು ಟೆಲಿಫೋನು ಇಟ್ಟುಕೊಂಡು ಎಣ್ಣೆ ಹುಡುಕುವ ಪುಟಾಣಿ ಕಂಪನಿಗಳಲ್ಲಿ ಹಣ ಹಾಕುವುದೆಂದರೆ ಅವರಿಗೆ ಪ್ರಾಣ. ದೊಡ್ಡ ಕಂಪನಿಗಳ ಷೇರು? "ಅದು ರಿಟೈರ್ ಆದವರಿಗೆ ಕಣಯ್ಯ" ಎನ್ನುತ್ತಿದ್ದರು.

ಭಾನುವಾರ ಬೆಳಿಗ್ಗೆ ಮೈಸೂರು, ಬೆಂಗಳೂರಿನ ನಾಲ್ಕಾರು ಗೆಳೆಯರು ಸೇರುವರು. ಅಕ್ಕ ಉಪ್ಪಿಟ್ಟು ಕೊಡುವಳು. ಭಾವ ಊಟದ ಮೇಜಿನ ಮೇಲೆ ಕಂಪನಿ ಕಳಿಸಿದ ನಕ್ಷೆ ಹರಡುವರು. ಎಲ್ಲಿ ಕೊರೆಯುತ್ತಾರೆ, ಪಕ್ಕದ ಬಾವಿಯಲ್ಲಿ ಏನು ಸಿಕ್ಕಿತು, ಕೆಳಗಿರುವುದು ಮರಳುಗಲ್ಲೋ ಸುಣ್ಣಕಲ್ಲೋ, ಚರ್ಚೆಯೋ ಚರ್ಚೆ. ಕೊನೆಯ ತೀರ್ಪು ಮಾತ್ರ ತೆಂಗಿನಕಾಯಿಯದು! ನಮ್ಮ ಕಡೆ ಬೋರ್‌ವೆಲ್ ಕೊರೆಸುವ ಮುನ್ನ ಅಂಗೈ ಮೇಲೆ ಕಾಯಿ ಮಲಗಿಸಿಕೊಂಡು ಹೊಲ ಸುತ್ತುವುದಿಲ್ಲವೇ, ನೀರಿದ್ದಲ್ಲಿ ಕಾಯಿ ಎದ್ದು ನಿಲ್ಲುತ್ತದೆಂದು? ಭಾವ ಅದನ್ನೇ ನಕ್ಷೆಯ ಮೇಲೆ ಮಾಡುತ್ತಿದ್ದರು.

"ಭಾವ, ಅದು ನೀರಿಗಲ್ವಾ?" ಎಂದೆ ಒಮ್ಮೆ.

"ನೀರು ತೋರ್ಸೋ ಕಾಯಿಗೆ ಎಣ್ಣೆ ತೋರ್ಸೋದು ಕಷ್ಟಾನಾ? ಅದರ ಹೊಟ್ಟೇಲಿ ಎರಡೂ ಇದೆ."



ಬಾವಿಗಳು ಒಂದಾದ ಮೇಲೊಂದು ಬರಿದೇ ಆದವು. ಕಂಪನಿಯ ಕಾಗದಗಳಲ್ಲಿ ಮಾತ್ರ ಸೋಲೆಂಬುದೇ ಇರಲಿಲ್ಲ. "ನೋಡೇ, ಎಣ್ಣೆಯ ಕುರುಹು ಸಿಕ್ಕಿದೆಯಂತೆ" ಎಂದು ಭಾವ ಹಿಗ್ಗಿದರೆ, ಅಕ್ಕ ಒಲೆಯ ಮುಂದಿನಿಂದಲೇ, "ಬಾಣಲೆ ಒರೆಸೋ ಬಟ್ಟೇಲೂ ಸಿಗುತ್ತೆ ರೀ" ಎನ್ನುವಳು.

ಇಷ್ಟೆಲ್ಲ ಕಂಡೂ ನನಗೂ ಹುಚ್ಚು ಹಿಡಿಯಿತು. ನಾನಾಗ ಮೌಂಟನ್ ವ್ಯೂನ ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ಇದ್ದೆ. ಹೆಂಡತಿ ಮತ್ತು ನಾನಿನ್ನೂ ಕಣ್ಣಾರೆ ಕಾಣದ, ಅಂಬೆಗಾಲಿಡುತ್ತಿದ್ದ ಮಗಳು ಮೈಸೂರಿನಲ್ಲಿ. ವೀಸಾ ಬಂದಿತ್ತು. ಟಿಕೆಟ್ಟಿಗೆಂದು ಕೂಡಿಟ್ಟ ಹಣವೂ ಇತ್ತು. ಅದನ್ನು ಬಾವಿಗೆ ಹಾಕಿ, ದುಪ್ಪಟ್ಟು ಮಾಡಿ, ಅವರನ್ನು ರಾಜವೈಭವದಲ್ಲಿ ಕರೆಸಿಕೊಳ್ಳಬೇಕೆಂಬ ಹುನ್ನಾರ! ಭಾವನೂ ಹೊಸದೊಂದು ಬಾವಿಯನ್ನು ಬಾಯ್ತುಂಬ ಹೊಗಳುತ್ತಿದ್ದರು. "ನಿನ್ನ ಹೆಸರಲ್ಲಿ ನೋಡೋಣ" ಎಂದು ಕಾಯಿ ಹಿಡಿದರು. ಅದು ಅಲುಗಲೇ ಇಲ್ಲ.

"ನಿನಗೆ ಬೇಡ ಅಂತಿದೆ. ಹೋಗು, ಟಿಕೆಟ್ ತಗೋ."

"ನಿಮಗೆ?"

"ನನಗೆ ನಿನ್ನೇನೇ ಎದ್ದಿದೆ."

ಲಾಭವನ್ನೆಲ್ಲ ಒಬ್ಬರೇ ಹೊಡೆಯುತ್ತಾರೆಂದು ಮುನಿಸಿಕೊಂಡು, ಉಪ್ಪಿಟ್ಟನ್ನೂ ಮುಟ್ಟದೆ ಎದ್ದುಬಂದೆ. ಬೇರೆ ದಾರಿ ಕಾಣದೆ ಟಿಕೆಟ್ಟು ತೆಗೆದೆ. ಕೆಲವು ವಾರಗಳಲ್ಲಿ ಆ ಬಾವಿಯೂ ಬರಿದೆಂದು ತಿಳಿಯಿತು. ಭಾವನ ಹಣ ಅದರೊಳಗೇ ಉಳಿಯಿತು.

ಹೆಂಡತಿ, ಮಗಳು ಬರುವ ದಿನ ಅಕ್ಕ, ಭಾವ ಇಬ್ಬರೂ ಏರ್‌ಪೋರ್ಟಿಗೆ ಬಂದಿದ್ದರು. ಕಾಯುತ್ತಾ ನಿಂತಾಗ ಅಕ್ಕ ಮೆಲ್ಲಗೆ, "ಅವತ್ತು ಕಾಯಿ ಏಳ್ತಾ ಇತ್ತು ಕಣೋ. ಇವರೇ ಹೆಬ್ಬೆರಳಲ್ಲಿ ಒತ್ತಿ ಹಿಡಿದಿದ್ರು. ನಾನು ನೋಡ್ದೆ" ಎಂದಳು.

ಭಾವನ ಪಕ್ಕಕ್ಕೆ ಹೋಗಿ ಕೇಳಿದೆ: "ಅಷ್ಟು ನಂಬೋ ಕಾಯೀನ ಯಾಕೆ ಒತ್ತಿದ್ರಿ ಭಾವ?"

ಅವರು ಬಾಗಿಲ ಕಡೆಯಿಂದ ಕಣ್ಣು ತೆಗೆಯಲಿಲ್ಲ. "ಈ ಬಾವಿ ಹೋದ್ರೆ ಇನ್ನೊಂದು ಬಾವಿ ಇದೆ ಕಣಯ್ಯ. ಮಗು ಮೊದಲ್ನೇ ಹೆಜ್ಜೆ ಇಡೋದು ಇನ್ನೊಂದ್ಸಲ ಬರುತ್ತಾ?"

ನನಗೆ ಅಳು ತಡೆಯಲಾಗಲಿಲ್ಲ. ಹೆಂಡತಿ ಮಗಳನ್ನೆತ್ತಿಕೊಂಡು ಹೊರಬಂದಾಗಲೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದೆ. ಆ ಕಣ್ಣೀರೆಲ್ಲ ತನಗಾಗಿಯೇ ಎಂದು ಅವಳು ಇಂದಿಗೂ ನಂಬಿದ್ದಾಳೆ.