ರುಸ್ಮಾದಿಯ ಕತ್ತಿನ ಗೆರೆ

ರುಸ್ಮಾದಿ ಸೀನಿದ್ದು ಒಂದೇ ಸಲ. ಹಿಂದಿನ ಸೀಟಿನ ಹೆಂಗಸು ಮುಖಕ್ಕೆ ಪೌಡರು ಬಡಿದುಕೊಳ್ಳುವ ಹೊತ್ತಿಗೆ ಸರಿಯಾಗಿ ಅವನು ಉಸಿರೆಳೆದುಕೊಂಡಿದ್ದ, ಅಷ್ಟೆ. ಬಂಜರ್‌ಮಾಸಿನ್‌ನಿಂದ ಹೊರಟಿದ್ದ ಆ ಬಾಡಿಗೆ ಬಸ್ಸಿನಲ್ಲಿ ಒಮ್ಮೆಗೇ ಮಾತು ನಿಂತಿತು.

ಬಸ್ಸಿನ ತುಂಬ ಕಾಲುವೆ ಓಣಿಯ ಕುರಾನ್ ಪಠಣ ಕೂಟದ ಹೆಂಗಸರು. ಗಂಡಸರೆಂದರೆ ಡ್ರೈವರು ಮತ್ತು ಬುತ್ತಿಯ ಬುಟ್ಟಿ ಹೊರಲು ಬಂದ ರುಸ್ಮಾದಿ. ಹೊರಟದ್ದು ಕಾಡಂಚಿನ ಒರಾಂಗುಟಾನ್ ಕೇಂದ್ರಕ್ಕೆ. ತಾಯಿ ಸತ್ತ ಮರಿಗಳನ್ನು ಸಾಕಿ, ಮರ ಹತ್ತಲು ಕಲಿಸಿ, ಮತ್ತೆ ಕಾಡಿಗೆ ಬಿಡುವ ಜಾಗ. ಮನುಷ್ಯರ ನೆಗಡಿ ಆ ಮರಿಗಳಿಗೆ ಅಂಟುತ್ತದೆಂದು ಅಲ್ಲೊಂದು ಕಟ್ಟುನಿಟ್ಟು: ಒಬ್ಬರಿಗೆ ನೆಗಡಿ ಇದ್ದರೂ ಇಡೀ ಗುಂಪು ವಾಪಸ್ಸು. ಕೂಟದ ಯಜಮಾನಿ ಮಸ್ನಿಯಾ ರುಸ್ಮಾದಿಯ ಅತ್ತೆ. ಅವನೋ ಮನೆ ಅಳಿಯ. ಇವನಿಂದ ಪ್ರವಾಸ ಕೆಟ್ಟರೆ ಆ ಓಣಿಯಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲ.

"ಮೈಗೆ ಗಾಳಿ ಹೊಕ್ಕಿದೆ," ಅತ್ತೆ ತೀರ್ಪು ಕೊಟ್ಟರು.

"ಇಲ್ಲ ಅತ್ತೆ, ಪೌಡರು..."

"ಪೌಡರಂತೆ ಪೌಡರು! ಬಿಚ್ಚು ಅಂಗಿ."

ನೆಗಡಿಯೆಂದರೆ ಆ ಓಣಿಯವರ ಲೆಕ್ಕದಲ್ಲಿ ಮೈಗೆ ಗಾಳಿ ಹೊಕ್ಕಿದೆ ಎಂದೇ, ಅದಕ್ಕೆ ಮದ್ದು ಒಂದೇ: ಬೆನ್ನಿಗೆ ಎಣ್ಣೆ ಸವರಿ ನಾಣ್ಯದ ಅಂಚಿನಿಂದ ಗೀಚುವುದು. ಗೆರೆ ಕೆಂಪಗೆ ಎದ್ದಷ್ಟೂ ಗಾಳಿ ಹೊರಗೆ ಹೋಯಿತೆಂದು ಲೆಕ್ಕ. ಬಸ್ಸು ನಿಂತ ರಸ್ತೆ ಬದಿಯ ಚಹಾದಂಗಡಿಯ ಬೆಂಚಿನ ಮೇಲೆ, ಲಾರಿ ಡ್ರೈವರುಗಳ ಎದುರು, ಬರಿಮೈಯಲ್ಲಿ ಬೋರಲು ಮಲಗಿದ ರುಸ್ಮಾದಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ತೆಂಗಿನಕಾಯಿ ತುರಿದಂತೆ ತುರಿದರು.

"ಕತ್ತಿನ ಹತ್ರ ಬಿಟ್ಬಿಟ್ರಲ್ಲಕ್ಕ," ಒಬ್ಬಳೆಂದಳು.

"ಮೂಗಿಗೆ ಮುಲಾಮು ಹಚ್ರೇ," ಇನ್ನೊಬ್ಬಳು ಬೆರಳಿನ ತುಂಬ ತೆಗೆದು ತಾನೇ ಮೆತ್ತಿಬಿಟ್ಟಳು.

ನಿಜವಾದ ಪೀಡೆ ಶುರುವಾದದ್ದೇ ಆಗ. ಮುಲಾಮಿನ ಘಾಟಿಗೆ ಕಣ್ಣು, ಮೂಗು ಎರಡೂ ಸುರಿಯತೊಡಗಿದವು. ಸೀನಿನ ಮೇಲೆ ಸೀನು.

"ನೋಡಿ, ಹೆಂಗೆ ಹೊರಗೆ ಬರ್ತಾ ಇದೆ!" ಅತ್ತೆ ಹಿಗ್ಗಿದರು. "ಅಲ್ಲಿ ಮಾತ್ರ ಬಾಯಿ ಬಿಟ್ಟೀಯ, ಜೋಕೆ."

ಕೇಂದ್ರದ ಬಾಗಿಲಲ್ಲಿ ಪಶುವೈದ್ಯೆ ಲೂಸಿಯಾನ ನಿಂತಿದ್ದಳು. "ಯಾರಿಗಾದ್ರೂ ನೆಗಡಿ, ಕೆಮ್ಮು?"

"ಇಲ್ಲಮ್ಮಾ ಇಲ್ಲ!" ಇಡೀ ಕೂಟ ಒಂದೇ ದನಿಯಲ್ಲಿ ಹೇಳಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ರುಸ್ಮಾದಿ ಕಾಲರನ್ನು ಮೇಲೆಳೆದುಕೊಂಡ.

"ಏನ್ರೀ ಅದು ಕತ್ತಿನ ಮೇಲೆ ಗೆರೆ?"

"ಬೆಕ್ಕು... ಬೆಕ್ಕು ಪರಚಿತು."

"ನಿಮ್ಮನೆ ಬೆಕ್ಕು ಸ್ಕೇಲ್ ಇಟ್ಕೊಂಡು ಪರಚುತ್ತಾ?"

ಅಷ್ಟರಲ್ಲಿ ಮರಿಗಳನ್ನು ತುಂಬಿಕೊಂಡ ತಳ್ಳುಗಾಡಿಯೊಂದು ದೂರದಲ್ಲಿ ಹಾದುಹೋಯಿತು. ಹಿಂದೆ ಕೇಂದ್ರದ ಆಯಾ ಒಬ್ಬಳು ಒಂಟಿ ಮರಿಯೊಂದನ್ನು ಎತ್ತಿಕೊಂಡು ನಡೆದಿದ್ದಳು. ಅದು ಗೋಣಿಚೀಲವೊಂದನ್ನು ತಾಯಿಯ ಹಾಗೆ ತಬ್ಬಿಕೊಂಡಿತ್ತು.

"ಅದನ್ನ ನೋಡಿ," ಲೂಸಿಯಾನಳ ದನಿ ಮೆತ್ತಗಾಯಿತು. "ಯಾರೋ ನೆಗಡಿ ಮುಚ್ಚಿಟ್ಕೊಂಡು ಒಳಗೆ ಬಂದಿದ್ರು. ಪಾಪ, ಉಸಿರಾಡೋಕೇ ಒದ್ದಾಡಿಬಿಡ್ತು. ಮೂಗು ಒರೆಸ್ಕೊಳ್ಳೋಕೂ ಬರಲ್ಲ ಅದಕ್ಕೆ."

ನಾಚಿಕೆಯಿಂದ ರುಸ್ಮಾದಿ ಕಾಲರನ್ನು ಕೆಳಗಿಳಿಸಿದ. ಚಹಾದಂಗಡಿಯ ನಾಚಿಕೆ ಇದರ ಮುಂದೆ ಏನೂ ಅಲ್ಲ.

"ಬೆಕ್ಕು ಅಂತ ಸುಳ್ಳು ಹೇಳ್ಬಿಟ್ಟೆ ಡಾಕ್ಟರಮ್ಮ. ನಂಗೆ ನೆಗಡಿ ಇರ್ಬೇಕು."

"ಮನೆಹಾಳ!" "ಉಂಡ ಮನೆ ಜಂತೆ ಎಣಿಸೋನು!" ಹೆಂಗಸರು ಮುಗಿಬಿದ್ದರು. ಮಸ್ನಿಯಾ ಎಲ್ಲರನ್ನೂ ಸರಿಸಿ ಮುಂದೆ ಬಂದರು. "ಅವನೊಬ್ಬನದು ತಪ್ಪು. ಬಸ್ಸಲ್ಲೇ ಕೂತಿರ್ಲಿ. ನಮ್ಮನ್ನ ಬಿಡಿ ತಾಯಿ, ನಾವೆಲ್ಲ ಗಟ್ಟಿಮುಟ್ಟಾಗಿದೀವಿ."

"ಆಗ್ಲಿ. ಪರದೆ ಹಿಂದೆ ಬಂದು ತಲೆವಸ್ತ್ರ ಸರಿಸಿ ಕತ್ತು ತೋರಿಸಿ, ಬಿಡ್ತೀನಿ."

ಇಷ್ಟು ಹೊತ್ತು ನೂಕಾಡುತ್ತಿದ್ದವರಲ್ಲಿ ಈಗ ಯಾರಿಗೂ ಅವಸರವಿರಲಿಲ್ಲ. ಒಬ್ಬೊಬ್ಬರೇ ಒಳಗೆ ಹೋದರು, ಒಬ್ಬೊಬ್ಬರೇ ನೆಲ ನೋಡುತ್ತ ಹೊರಬಂದು ಬಸ್ಸು ಹತ್ತಿದರು. ಕೊನೆಗೆ ಹೊರಬಂದ ಲೂಸಿಯಾನಳಿಗೆ ನಗಬೇಕೋ ಅಳಬೇಕೋ ತಿಳಿಯದ ಸ್ಥಿತಿ.

"ಒಬ್ಬರ ಕತ್ತೂ ಬರಿದಾಗಿಲ್ಲ! ಎಲ್ಲರೂ ನಿನ್ನೆ ಮನೇಲೇ ಗೀಚಿಸ್ಕೊಂಡು ಬಂದಿದಾರೆ. ನಿಮ್ಮ ಕೂಟದ ಯಜಮಾನಿಯವರದ್ದಂತೂ ಕತ್ತಿನಿಂದ ಬೆನ್ನಿನವರೆಗೂ ಕೆಂಪು."

ಅವಳು ರುಸ್ಮಾದಿಯ ಮೂಗಿನ ಮುಲಾಮು ಒರೆಸಿದಳು, ಗಂಟಲು ನೋಡಿದಳು, ಜ್ವರ ನೋಡಿದಳು. ಸೀನು ನಿಂತೇ ಹೋಗಿತ್ತು.

"ನಿಮಗೆ ಏನೂ ಆಗಿಲ್ವಲ್ರೀ! ಈ ಗುಂಪಲ್ಲಿ ನೆಗಡಿ ಇಲ್ದೇ ಇರೋರು ನೀವೊಬ್ರೇ, ಬಾಯಿ ಬಿಟ್ಟು ಹೇಳಿದೋರೂ ನೀವೊಬ್ರೇ. ಬನ್ನಿ, ಗಾಜಿನ ಆಚೆಯಿಂದ ಮರಿಗಳನ್ನ ತೋರಿಸ್ತೀನಿ."

ರುಸ್ಮಾದಿಯ ಮುಖ ಅರಳಿತು. ಒಂದು ಹೆಜ್ಜೆ ಇಟ್ಟೂ ಬಿಟ್ಟ. ಆಮೇಲೆ ಯಾಕೋ ಹಿಂತಿರುಗಿ ನೋಡಿದ. ಬಸ್ಸಿನ ಕಿಟಕಿಗಳ ತುಂಬ ಮುಖಗಳು. ಯಾರೂ ಬೈಯುತ್ತಿರಲಿಲ್ಲ. ಅತ್ತೆ ಬಸ್ಸಿನ ಬಾಗಿಲ ಮೆಟ್ಟಿಲ ಮೇಲೆ ನಿಂತು, ತಲೆವಸ್ತ್ರವನ್ನು ಬಿಗಿಯಾಗಿ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದರು. ಒಳಗೆ ಹೋದರೆ ಮರಿಗಳನ್ನು ನೋಡುವುದು ಅರ್ಧ ಗಂಟೆ. ಆ ಮನೆಯಲ್ಲಿ ಬದುಕಬೇಕಾದದ್ದು ಜೀವಮಾನವಿಡೀ.

"ಬೇಡ ಡಾಕ್ಟರಮ್ಮ," ಅಂದ. ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದ. "ನಂಗೆ ನಿಜವಾಗ್ಲೂ ನೆಗಡಿ ಆಗಿದೆ. ವಾರದಿಂದ."

ಬಸ್ಸಿನಲ್ಲಿ ಜೀವ ಬಂತು. ಎಲ್ಲರಿಗಿಂತ ಮೊದಲು ಅತ್ತೆಯ ದನಿಯೇ ಎದ್ದಿತು.

"ಕೇಳಿಸ್ಕೊಂಡ್ರೇನ್ರೇ? ವಾರದಿಂದ ಅಂತೆ! ನಮಗೆಲ್ಲ ಅಂಟಿಸಿದ್ದು ಇವನೇ!"