ಎಲ್ಲರಿಗಿಂತ ಮ್ಯಾಲಿನ ಫೋಟೊ

ಅದಕ್ಕೊಂದು ಹೆಸರಿತ್ತು. ವಿಜಿ... ಅಲ್ಲ, ವಿಸಿ... ಕೊನೆಗೆ ‘ವಿಗ್’ ಅಂತ ಬರುತ್ತಿತ್ತು. ಕಂಪ್ಯೂಟರ್ ಪರದೆಯ ಮೇಲೆ ಹೇಗೆ ಜೋಡಿಸುತ್ತೀರೋ ವೆಬ್ ಪುಟ ಲೋಕಕ್ಕೆಲ್ಲ ಹಾಗೇ ಕಾಣುತ್ತದೆ ಎಂದು ಅದರ ಅರ್ಥ. ಹೆಸರು ಮರೆತಿದೆ, ಅದು ಕೊಟ್ಟ ಗಾಬರಿ ಮರೆತಿಲ್ಲ. ಜನರ ನಡುವೆ ದುಡಿದವರಿಗೆ ಇಂಥವು ಆಗುತ್ತಲೇ ಇರುತ್ತವೆ.

ನಾನು ಇರಕಲ್ಲಗಡದವಳು. ಈಗ ಮಗಳ ಜೊತೆ ವಡೋದರಾದಲ್ಲಿದ್ದೇನೆ, ಇಲ್ಲಿ ನನ್ನ ಊರಿನ ಹೆಸರನ್ನು ಯಾರೂ ಒಂದೇ ಸಲಕ್ಕೆ ಹೇಳಲಾರರು. ಮೊದಲು ಗಂಗಾವತಿಯಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದೆ. ಹೊಸ ಶತಮಾನ ಬರುವ ಹೊತ್ತಿಗೆ ಟೈಪಿಂಗ್ ಕಲಿಯುವವರು ನಿಂತೇ ಹೋದರು. ಮಷಿನ್‌ಗಳನ್ನು ಮಾರಿ ಕಂಪ್ಯೂಟರ್ ತಂದೆ, ವೆಬ್ ಪುಟ ಮಾಡಲು ಕಲಿತೆ. ಮೊದಲ ಗಿರಾಕಿಗಳು ಒಂದು ರೈಸ್ ಮಿಲ್ಲಿನ ಮೂವರು ಅಣ್ಣತಮ್ಮಂದಿರು. ಅವರ ಪುಟ ಚೆಂದ ಬಂದರೆ ಉಳಿದ ಮಿಲ್ಲಿನವರೂ ಬರುತ್ತಾರೆ, ಕೆಟ್ಟರೆ ನಾನು ಬಾಗಿಲು ಹಾಕಬೇಕು.

ಸ್ಯಾಂಪಲ್

ಪುಟ ಮಾಡಲು ಮೂರು ಸಾಫ್ಟ್‌ವೇರ್ ಇವೆ, ಒಂದನ್ನು ಆರಿಸಿ ಎಂದೆ. ಹಿರಿಯಣ್ಣ ಭತ್ತದ ಚೀಲ ನೋಡಿದಂತೆ ಕಂಪ್ಯೂಟರನ್ನು ನಾಲ್ಕೂ ಕಡೆಯಿಂದ ನೋಡಿದ.

“ಸ್ಯಾಂಪಲ್ ನೋಡದ ನಾವು ಮಾಲು ಎತ್ತಂಗಿಲ್ರಿ ಅಕ್ಕಾರ. ಯಾವುದರದು ಸ್ಯಾಂಪಲ್ ಐತಿ?”

ಒಂದನ್ನು ಮೂವತ್ತು ದಿನ ಪುಕ್ಕಟೆ ಬಳಸಿ ನೋಡಬಹುದಿತ್ತು. “ಮೂವತ್ತು ದಿನಾನ? ಭಾಳ ಛಲೋ ಕಂಪನಿ ಐತಿ ಬಿಡ್ರಿ, ಇದನ್ನ ಹಿಡೀರಿ” ಎಂದ. ಆಮೇಲೆ ಕೊಳ್ಳಬೇಕಾಗುತ್ತದೆ ಎಂದು ನಾನು ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ.

ಮೂವತ್ತೊಂದನೆಯ ದಿನ ಅದು ಬಾಗಿಲು ಹಾಕಿಕೊಂಡಿತು. ಅರ್ಧ ಮಾಡಿದ ಪುಟ ಒಳಗೇ ಉಳಿಯಿತು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಹಿರಿಯಣ್ಣ ನನಗಿಂತ ಹೆಚ್ಚು ದಂಗಾಗಿದ್ದ.

“ಎಂಥಾ ಮಂದಿರಿ ಇವರು! ನಾವೂ ವ್ಯಾಪಾರ ಮಾಡ್ತೀವಿ. ಸ್ಯಾಂಪಲ್ ಅಕ್ಕಿ ಕೊಟ್ಟು, ತಿಂಗಳಾದ ಮ್ಯಾಲೆ ಗಿರಾಕಿ ಹೊಟ್ಟಿಯಿಂದ ವಾಪಸ್ ತಕ್ಕೊಂಡೀವೇನು?”

ದೇವರ ಅಪ್ಪಣೆ

ಉಳಿದದ್ದು ಎರಡು. ಒಂದರಲ್ಲಿ ಪ್ರತಿ ಸಾಲನ್ನೂ ಕಂಪ್ಯೂಟರಿನ ಸಂಕೇತದಲ್ಲಿ ಟೈಪ್ ಮಾಡಬೇಕು. ನನಗೆ ಅದು ಸಲೀಸು, ಬೇರೆಯವರಿಗೆ ತಲೆಬುಡ ತಿಳಿಯದು. ಇನ್ನೊಂದು, ಆ ‘ವಿಗ್’ ಅನ್ನುವ ಜಾತಿಯದು. ಮೌಸಿನಿಂದ ಫೋಟೊ ಎಳೆದು ಬೇಕಾದಲ್ಲಿ ಬಿಟ್ಟರಾಯಿತು. ನಾನು ಮೊದಲನೆಯದು ಅಂದೆ. ಮೂವರೂ ಎರಡನೆಯದು ಅಂದರು. ಅವರ ತಾಯಿ ನಡುವೆ ಬಂದರು.

“ಜಗಳ ಯಾಕ? ದೇವರನ್ನ ಕೇಳ್ರಿ.”

ಗುಡಿಯಲ್ಲಿ ದೇವರ ಎರಡೂ ಭುಜಕ್ಕೆ ಒದ್ದೆ ಹೂವಿನ ಎಸಳು ಅಂಟಿಸುವುದು, ಯಾವ ಕಡೆಯದು ಮೊದಲು ಬೀಳುತ್ತದೋ ಅದೇ ಅಪ್ಪಣೆ. ಹೆಣ್ಣು ನೋಡಿದಾಗ, ಬೋರ್ ಕೊರೆಸುವಾಗ ಕೇಳುವುದನ್ನು ಕಂಡಿದ್ದೆ. ಸಾಫ್ಟ್‌ವೇರಿಗೆ ಕೇಳುವುದನ್ನು ಅವತ್ತೇ ಕಂಡೆ. ಬಲಕ್ಕೆ ಅವರು ಕೇಳಿದ ಸಾಫ್ಟ್‌ವೇರಿನ ಸೀಡಿ, ಎಡಕ್ಕೆ ನಾನು ಸಂಕೇತ ಬರೆದಿಟ್ಟುಕೊಂಡ ನೋಟ್‌ಬುಕ್. ಎರಡಕ್ಕೂ ಕುಂಕುಮ.

ಬಲಗಡೆಯ ಎಸಳು ಬಿತ್ತು. ನನ್ನ ಮುಖ ನೋಡಿ ಪೂಜಾರಪ್ಪ ಮೆಲ್ಲಗೆ ಹೇಳಿದ:

“ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ಫ್ಯಾನ್ ಆ ಕಡೆ ಐತಿ. ಕರೆಂಟ್ ಇದ್ದಾಗ ದೇವರು ಯಾವಾಗಲೂ ಬಲಕ್ಕ ಕೊಡ್ತಾನ.”

ಮ್ಯಾಲಿನ ಜಾಗ

ಪುಟ ಮಾಡಿದೆ. ಎಲ್ಲಕ್ಕಿಂತ ಮೇಲೆ ತೀರಿಕೊಂಡ ತಂದೆಯ ಫೋಟೊ, ಅದರ ಮೇಲೆ ಚೆಂಡು ಹೂವಿನ ಹಾರ, ಪಕ್ಕದಲ್ಲಿ ಉರಿಯುವ ದೀಪ, ಕೆಳಗೆ ‘ಸದಾ ನಮ್ಮ ಸ್ಮರಣೆಯಲ್ಲಿ’. ಆಮೇಲೆ ವಯಸ್ಸಿನ ಪ್ರಕಾರ ಮೂವರು ಮಕ್ಕಳು. ಕಿರಿಯವನ ಫೋಟೊದ ಕೆಳಗೆ ‘ಮಾಲು ಬೇಕಾದವರು ಇವರನ್ನು ಕಾಣಿರಿ’.

ಸಾಫ್ಟ್‌ವೇರನ್ನು ಮಿಲ್ಲಿನ ಕಂಪ್ಯೂಟರಿಗೂ ಹಾಕಿಸಿಕೊಂಡರು. ಅಲ್ಲಿಗೆ ಶುರುವಾಯಿತು. ನಡುವಿನವನು ತನ್ನ ಫೋಟೊವನ್ನು ಅಣ್ಣನ ಜಾಗಕ್ಕೆ ಎಳೆದ, ಅಣ್ಣನದು ತಾನಾಗಿ ಅವನ ಜಾಗಕ್ಕೆ ಇಳಿಯಿತು. ಅಣ್ಣ ಬಂದು ತನ್ನದನ್ನು ವಾಪಸ್ ಎಳೆದ. ಎರಡು ದಿನ ಕಿರಿಯವನು ಸುಮ್ಮನೆ ನೋಡಿದ. ಮೂರನೆಯ ದಿನ ಇಬ್ಬರೂ ಊಟಕ್ಕೆ ಹೋದಾಗ ತನ್ನ ಫೋಟೊವನ್ನು ಎಳೆದು ಎಲ್ಲರಿಗಿಂತ ಮೇಲೆ ಬಿಟ್ಟ. ಗುಂಡಿ ಒತ್ತಿ ಲೋಕಕ್ಕೆಲ್ಲ ಕಾಣುವಂತೆಯೂ ಮಾಡಿದ.

ಕುಷ್ಟಗಿಯಲ್ಲಿ ಅವನ ಹೆಂಡತಿಯ ತಮ್ಮ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಪುಟ ತೆರೆದ. ಭಾವನ ಫೋಟೊ, ಹಾರ, ದೀಪ, ‘ಸದಾ ನಮ್ಮ ಸ್ಮರಣೆಯಲ್ಲಿ’. ಹುಡುಗ ಚಪ್ಪಲಿ ಬಿಟ್ಟು ಮನೆಗೆ ಓಡಿದನಂತೆ.

ನಾನು ಮಿಲ್ಲಿನಲ್ಲೇ ಇದ್ದೆ. ಒಂದು ಟ್ರ್ಯಾಕ್ಸ್ ಜೀಪಿನ ತುಂಬ ಮಂದಿ ಬಾಯಿ ಬಾಯಿ ಬಡಿದುಕೊಳ್ಳುತ್ತ ಇಳಿದರು. ಮಿರ್ಚಿ ಭಜಿ ತಿನ್ನುತ್ತಿದ್ದ ಕಿರಿಯವನು ಎದ್ದು ನೋಡಿದ. ಮಾವನ ಮನೆಯವರೇ ಅಳುತ್ತ ಬಂದಿದ್ದಾರೆ ಅಂದರೆ ಅಲ್ಲೇ ಯಾರೋ ಹೋಗಿರಬೇಕು ಎಂದುಕೊಂಡ. ರಿವಾಜು ತಪ್ಪಬಾರದೆಂದು ಓಡಿಹೋಗಿ ಮಾವನನ್ನು ತಬ್ಬಿಕೊಂಡು ಅವರಿಗಿಂತ ಜೋರಾಗಿ ಅತ್ತ.

“ಯಾರು ಹೋದರ್ರೀ ಮಾವಾ?”

ಮಾವ ಅವನ ಮುಖ ನೋಡಿದರು. “ನೀವ ಹೋಗೀರ್ರಿ!” ಎಂದವರೇ ಭತ್ತದ ರಾಶಿಯ ಮೇಲೆ ಕುಸಿದು ಕೂತರು.

ನಾನು ಕಂಪ್ಯೂಟರಿಗೆ ಓಡಿದೆ. ಪುಟ ತೆರೆದೆ. ಕಿರಿಯವನ ಕೊರಳಲ್ಲಿ ಹಾರ, ಅವನ ಜಾಗದಲ್ಲಿ ತೀರಿಕೊಂಡ ಅಪ್ಪ, ಕೆಳಗೆ ‘ಮಾಲು ಬೇಕಾದವರು ಇವರನ್ನು ಕಾಣಿರಿ’. ತಾಯಿ ಬಂದು ಇಣುಕಿ ನೋಡಿದರು.

“ಜೀವ ಇದ್ದಾಗ ಒಮ್ಮೆರ ಗಿರಾಕಿ ಮುಂದ ನಿಂದ್ರಲಿಲ್ಲ. ಈಗ ಕುಂತಾರ ನೋಡ ಮಾಲು ಮಾರಾಕ!”

ನನ್ನ ವ್ಯಾಪಾರ ಮುಗಿಯಿತು ಎಂದುಕೊಂಡೆ. ಮರುದಿನ ಹಿರಿಯಣ್ಣ ಬಂದ. “ಅಕ್ಕಾರ, ಆ ಯಾರಿಗೂ ತಿಳೀಲಾರದ್ದು ಐತಲ್ರಿ, ಅದರಾಗ ಮಾಡ್ರಿ.” ಸುದ್ದಿ ಹರಡಿ ಯಲಬುರ್ಗಾ, ಕೊಪ್ಪಳದಿಂದಲೂ ಗಿರಾಕಿಗಳು ಬಂದರು. ಎಲ್ಲರದೂ ಒಂದೇ ಮಾತು: “ನಮ್ಮ ತಮ್ಮನ ಕೈಗೆ ಸಿಗಲಾರದ ಸಾಫ್ಟ್‌ವೇರ್ ಕೊಡ್ರಿ.” ಆ ಮೂವರು ಮಾತ್ರ, ಯಾರ ಫೋಟೊ ಎಲ್ಲರಿಗಿಂತ ಕೆಳಗಿರಬೇಕು ಎಂದು ಮತ್ತೆ ಜಗಳ ತೆಗೆದರು.

ಇದನ್ನೆಲ್ಲ ಹೇಳುವಾಗ ಮೊಮ್ಮಗಳು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಾಳೆ. ಮನೆತನದ್ದೊಂದು ಪುಟ ಮಾಡುತ್ತಾಳಂತೆ. “ಅಜ್ಜಿ, ನೀನೇ ಹಿರಿಯಾಕಿ, ನಿನ್ನ ಫೋಟೊ ಎಲ್ಲರಿಗಿಂತ ಮ್ಯಾಲೆ ಹಾಕ್ಲೇನು?” ಅಂದಳು.

“ಆ ‘ವಿಗ್’ ಶಬ್ದ ಹಾಳಾಗಿ ಹೋಗಲಿ ನನ್ನವ್ವಾ. ಮೊದಲು ಇದನ್ನ ಬರಕೋ: ಅಜ್ಜಿ ಫೋಟೊ ಎಲ್ಲಾರಿಗಿಂತ ಕೆಳಗ. ಆಕಿ ಇನ್ನೂ ಬದುಕ್ಯಾಳ, ಇವತ್ತಿನ ಚಾ ಸೈತ ಕುಡದಿಲ್ಲ.”