ಕಡ ತಂದ ಹಸಿ ಕಸ

"ಇಡೀ ಹೂಡಿ ಏರಿಯಾದಲ್ಲಿ ಕಾನೂನು ಪಾಲಿಸೋ ಮನೆ ಒಂದಿದ್ರೆ ಅದು ನಮ್ದೇ ಆಗಿರ್ಬೇಕು!" ಎಂದು ಅಮರೇಶ್ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಎದೆ ತಟ್ಟಿಕೊಂಡಾಗ ಚಪ್ಪಾಳೆ ಬಿತ್ತು. ಚಪ್ಪಾಳೆಯ ಹಿಂದೆಯೇ ಕಸ ಸಮಿತಿಯ ಅಧ್ಯಕ್ಷಗಿರಿಯೂ ತಲೆಯ ಮೇಲೆ ಬಿತ್ತು. ಅದು ಬೇರೆ ಯಾರಿಗೂ ಬೇಕಿರಲಿಲ್ಲ ಎನ್ನುವುದು ಬೇರೆ ಮಾತು.

ಹೊಸ ನಿಯಮ ಬಂದಿತ್ತು. ಹಸಿ ಕಸಕ್ಕೊಂದು, ಒಣ ಕಸಕ್ಕೊಂದು, ಡಯಾಪರ್‌ನಂಥವಕ್ಕೊಂದು, ಬಲ್ಬು-ಬ್ಯಾಟರಿಗೊಂದು ಡಬ್ಬಿ! ಅಮರೇಶ್ ನಾಲ್ಕು ಬಣ್ಣದ ಡಬ್ಬಿಗಳನ್ನು ತಂದು ಅಡುಗೆಮನೆಯಲ್ಲಿ ಸಾಲಾಗಿ ಪ್ರತಿಷ್ಠಾಪಿಸಿದ.

"ಆರತಿ ತಟ್ಟೆ ತರ್ಲಾ?" ಎಂದಳು ಹೆಂಡತಿ ಸ್ಫೂರ್ತಿ.

ಆದರೆ ಹಸಿ ಕಸದ ಹಸಿರು ಡಬ್ಬಿ ಖಾಲಿಯೇ ಉಳಿಯಿತು. ಕಾರಣ ಅವನ ತಾಯಿ ಶರಣಮ್ಮ. ಗಂಗಾವತಿ ಕಡೆಯ ಶಿವಭಕ್ತೆಗೆ ಅನ್ನವೆಂದರೆ ಪ್ರಸಾದ. ಹೀರೇಕಾಯಿ ಸಿಪ್ಪೆ ಚಟ್ನಿಯಾಗುತ್ತಿತ್ತು, ಚಹಾದ ಚರಟ ಗುಲಾಬಿ ಕುಂಡಕ್ಕೆ ಹೋಗುತ್ತಿತ್ತು, ಬಾಳೆಹಣ್ಣಿನ ಸಿಪ್ಪೆ ಬೀದಿಯ ಹಸುವಿಗೆ. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬಳಿದು, ಆ ನೀರನ್ನೂ ಕುಡಿದೇ ಏಳುವ ಹೆಂಗಸು. ಅಂಥ ಮನೆಯಲ್ಲಿ ಕಸ ಹುಟ್ಟುವುದಾದರೂ ಎಲ್ಲಿಂದ!

ತಪಾಸಣೆಗೆ ಬಂದ ಪಾಲಿಕೆಯ ಮಾರ್ಷಲ್ ನಂದೀಶ್ ಡಬ್ಬಿಯೊಳಗೆ ಇಣುಕಿದ.

"ಹಸಿ ಕಸ ಎಲ್ಲಿ ಸಾರ್?"

"ನಮ್ಮನೇಲಿ ಆಗೋದೇ ಇಲ್ಲಪ್ಪ."

"ಎಲ್ರೂ ಇಂಗೇ ಅಂತಾರೆ. ಕೆರೆ ಕಡೆ ಎಸೆಯೋರ ಡಬ್ಬೀನೇ ಇಂಗೆ ತೊಳೆದಂಗಿರೋದು! ನಾಳೆನೂ ಖಾಲಿ ಇದ್ರೆ ಬಾಗ್ಲಿಗೆ ನೋಟಿಸ್ ಅಂಟಿಸ್ತೀನಿ."

ಅಧ್ಯಕ್ಷನ ಬಾಗಿಲಿಗೇ ನೋಟಿಸ್! ಕಸ ಚೆಲ್ಲಿದವರಿಗೆ ಶಿಕ್ಷೆಯುಂಟೆಂದು ಅಮರೇಶನೇ ಸಭೆಯಲ್ಲಿ ಗುಡುಗಿದ್ದ. ಕಸವನ್ನೇ ಮಾಡದವರಿಗೂ ಉಂಟೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಯವ್ವಾ, ಇವತ್ತೊಂದಿನ ಸಿಪ್ಪಿ ಬಿಡವಾ," ಎಂದು ಗೋಗರೆದ.

"ಬಿಟ್ರ ಚಟ್ನಿ ಎದರ್ಲೇ ಮಾಡ್ಲೋ?"

ಕೊನೆಗೆ ಮಾನ ಬಿಟ್ಟು ಎದುರುಮನೆಯ ವನಜಾಳ ಬಾಗಿಲು ತಟ್ಟಿದ. "ಮೇಡಂ, ಒಂಚೂರು ಹಸಿ ಕಸ ಇದ್ರೆ ಕೊಡ್ತೀರಾ?"

"ಸಕ್ರೆ, ಹೆಪ್ಪು ಕೇಳ್ಕೊಂಡು ಬರೋರ್ನ ನೋಡಿದ್ದೆ ಸಾರ್. ಕಸ ಕೇಳೋರ್ನ ಇವತ್ತೇ ನೋಡ್ತಿರೋದು!" ಎನ್ನುತ್ತಾ ಆಕೆ ಕಟ್ಟಿಟ್ಟಿದ್ದ ಕವರನ್ನೇ ದಾನ ಮಾಡಿದಳು. ಅಮರೇಶ್ ಬಿಚ್ಚಿಯೂ ನೋಡದೆ ಡಬ್ಬಿಗೆ ಹಾಕಿ ಮುಚ್ಚಿದ.

ಬೆಳಿಗ್ಗೆ ಕವರು ಬಿಚ್ಚಿದ ನಂದೀಶನ ಮುಖ ಅರಳಿತು.

"ಆಹಾ! ನಾಟಿ ಕೋಳಿ! ಸಕ್ಕತ್ ಬಾಡೂಟ ಸಾರ್ ನಿಮ್ದು!"

ಆಗಷ್ಟೇ ಲಿಂಗಪೂಜೆ ಮುಗಿಸಿ ಹಣೆತುಂಬ ವಿಭೂತಿ ಧರಿಸಿದ್ದ ಶರಣಮ್ಮ ಹಿಂದೆಯೇ ನಿಂತಿದ್ದಳು.

"ಅಮರೇಶಾ, ನನ್ನ ಮನ್ಯಾಗ ಎಲುಬಾ?"

ಅಮರೇಶ್ ತೊದಲುತ್ತಾ ಎಲ್ಲವನ್ನೂ ಒಪ್ಪಿಕೊಂಡ. ಸ್ಫೂರ್ತಿ ಹಣೆ ಚಚ್ಚಿಕೊಂಡಳು. "ನೀವೇ ತಿಂದಿದ್ರೂ ಕ್ಷಮಿಸ್ತಿದ್ದೆ ಕಣ್ರೀ. ಕಸ ಕಡ ತಂದ್ರಲ್ಲ!"

ಶರಣಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ನನ್ನ ತಾಟು ಸ್ವಚ್ಛ ಇದ್ದದ್ದು ನಿನಗ ನಾಚಿಕಿ ಆತೇನಪಾ?" ಎಂದಷ್ಟೇ ಕೇಳಿದಳು. ಅವನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅಂದು ರಾತ್ರಿ ಊಟಕ್ಕೆ ಕೂತ ಶರಣಮ್ಮ, ಜೀವಮಾನದಲ್ಲಿ ಮೊದಲ ಸಲ, ತಟ್ಟೆಯಲ್ಲಿ ಒಂದು ತುತ್ತು ಅನ್ನ ಬಿಟ್ಟು ಎದ್ದಳು. ನೀರನ್ನೂ ಹಾಕಲಿಲ್ಲ.

"ತೊಗೋ. ನಿನ್ನ ಡಬ್ಬಿ ದೇವರಿಗೆ ನೈವೇದ್ಯ."

ಅಮರೇಶ್ ತಟ್ಟೆ ಹಿಡಿದು ಡಬ್ಬಿಯ ಮುಚ್ಚಳ ತೆಗೆದ. ಕೈ ಬರಲಿಲ್ಲ. ಅಲ್ಲೇ ನಿಂತು ಆ ತುತ್ತನ್ನು ತಾನೇ ಉಂಡು, ತಟ್ಟೆಗೆ ನೀರು ಹಾಕಿ ಕುಡಿದ.

ಮರುದಿನ ಡಬ್ಬಿ ಮತ್ತೆ ಖಾಲಿ. ನಂದೀಶ್ ಚೀಲದಿಂದ ನೋಟಿಸ್ ಹೊರತೆಗೆದ.

"ಅಂಟಿಸೋಕೆ ಮುಂಚೆ ಕಸ ಸಮಿತಿ ಅಧ್ಯಕ್ಷರ ಸೈನ್ ಬೇಕು ಸಾರ್."

ಅಧ್ಯಕ್ಷರು ತಮ್ಮ ಬಾಗಿಲಿನ ನೋಟಿಸಿಗೆ ತಾವೇ ಸೈನ್ ಹಾಕಿದರು. ನಂದೀಶ್ ಜೇಬು ತಡಕಿದ. "ಥೂ, ಗಮ್ಮು ಮುಗಿದೋಗೈತೆ. ಅಮ್ಮಾ, ರಾತ್ರಿದು ನಾಕು ಅಗುಳು ಅನ್ನ ಇದ್ರೆ ಕೊಡಿ, ಅದ್ರಲ್ಲೇ ಅಂಟಿಸ್ಬಿಡ್ತೀನಿ."

"ಎಲ್ಲೈತಪಾ ಅನ್ನ?" ಎಂದಳು ಶರಣಮ್ಮ. "ಉಳಿದಿದ್ದೊಂದು ತುತ್ತನ್ನ ನಿಮ್ಮ ಅಧ್ಯಕ್ಷರ ಉಂಡಾರ."